ಪ್ರಧಾನ ಕಚೇರಿಯ ಕೈಪಿಡಿ: ಯಾವುದಕ್ಕೆ ಪಟ್ಟು ಹಿಡಿಯಬೇಕು, ಯಾವುದನ್ನು ಬಿಟ್ಟುಕೊಡಬೇಕು?

ಹೊರವರ್ತುಲ

ನಮಸ್ಕಾರ. ಒಂದು ಯುರೋಪಿಯನ್ ಕಂಪನಿಯ ಬೆಂಗಳೂರು ಕೇಂದ್ರದಲ್ಲಿ ಸಿಬ್ಬಂದಿ ವಿಭಾಗದ ಹೊಣೆ ನನ್ನದು. ಕಂಪನಿಯ ಹೆಸರು ಬೇಡ. ಇದುವರೆಗೆ ನಮ್ಮಲ್ಲಿ ದೇಶಕ್ಕೊಂದು ಸೇವಾ ಕೈಪಿಡಿ ಇತ್ತು. ಬರುವ ವರ್ಷದಿಂದ ಎಲ್ಲ ದೇಶಗಳಿಗೂ ಒಂದೇ ಎಂದು ಪ್ರಧಾನ ಕಚೇರಿ ತೀರ್ಮಾನಿಸಿದೆ. ಕರಡು ಕಳುಹಿಸಿ ಅಭಿಪ್ರಾಯ ಕೇಳಿದ್ದಾರೆ. ಕೇಳಿದ್ದಾರೆ ಎನ್ನುವುದಕ್ಕಿಂತ ತಿಳಿಸಿದ್ದಾರೆ ಎಂದರೆ ಸರಿಯಾದೀತು.

ನಾಲ್ಕು ಅಂಶಗಳು ನನ್ನ ನಿದ್ದೆ ಕೆಡಿಸಿವೆ. ಲೈಂಗಿಕ ಕಿರುಕುಳವೂ ಸೇರಿದಂತೆ ಎಲ್ಲ ದೂರುಗಳು ಇನ್ನು ಪ್ರಧಾನ ಕಚೇರಿಯ ಒಂದೇ ಸಹಾಯವಾಣಿಗೆ ಹೋಗಬೇಕು, ವಿಚಾರಣೆಯೂ ಅಲ್ಲಿಂದಲೇ. ಹಬ್ಬ, ರಾಷ್ಟ್ರೀಯ ದಿನಗಳ ಪಟ್ಟಿ ರದ್ದು. ಪ್ರತಿಯೊಬ್ಬರಿಗೂ ಇಷ್ಟು ಎಂದು ಐಚ್ಛಿಕ ರಜೆ, ಬೇಕಾದಾಗ ತೆಗೆದುಕೊಳ್ಳಿ. ಕಟ್ಟಡದ ಹೊರಗಿನ ಫಲಕದಲ್ಲಿ ಲಾಂಛನ ಮಾತ್ರ ಇರಬೇಕು, ಅದರ ಆಸುಪಾಸಿನಲ್ಲಿ ಬೇರೆ ಅಕ್ಷರ ಕೂಡದು. ಕೊನೆಯದಾಗಿ, ಮನೆಯಿಂದ ಕಚೇರಿಗೆ ಓಡಾಡುವ ಖರ್ಚನ್ನು ಕಂಪನಿ ಭರಿಸುವುದಿಲ್ಲ. ರಾತ್ರಿ ಪಾಳಿಯ ಕ್ಯಾಬ್ ಕೂಡ ಈ ಸಾಲಿನಲ್ಲೇ ಸಿಕ್ಕಿಕೊಂಡಿದೆ. ಅವರ ಊರಿನಲ್ಲಿ ನಡುರಾತ್ರಿಯೂ ಟ್ರಾಮ್ ಓಡುತ್ತದೆ.

ಎಲ್ಲದಕ್ಕೂ ಆಕ್ಷೇಪ ಎತ್ತಿದರೆ ‘ಭಾರತದವರು ಯಾವಾಗಲೂ ವಿನಾಯಿತಿ ಕೇಳುತ್ತಾರೆ’ ಎಂಬ ಹೆಸರು ಅಂಟುತ್ತದೆ. ಆಮೇಲೆ ನಿಜವಾಗಿ ಬೇಕಾದಾಗ ಯಾರೂ ಕಿವಿಗೊಡುವುದಿಲ್ಲ. ಎಲ್ಲದಕ್ಕೂ ಹೂಂಗುಟ್ಟಿದರೆ ನಾಳೆ ಇಲ್ಲಿನ ನೌಕರರಿಗೆ ಉತ್ತರ ಹೇಳಬೇಕಾದವಳು ನಾನು. ಇಂಥ ಕಡೆ ದುಡಿದವರು ನಾಲ್ಕು ಮಾತು ಹೇಳಿ.

ಕಡತವಿಲೇವಾರಿ

ಮೇಡಂ, ಕಾರ್ಮಿಕ ಕಾನೂನಿನ ಕೆಲಸ ನನ್ನದು. ನಿಮ್ಮ ನಾಲ್ಕೂ ಅಂಶಗಳು ಅಭಿರುಚಿಯ ವಿಷಯವಲ್ಲ, ಕಾನೂನಿನ ವಿಷಯ. ಒಂದೊಂದಾಗಿ ನೋಡೋಣ.

ಕಿರುಕುಳದ ದೂರು: 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಕಂಪನಿಗೊಂದಲ್ಲ, ಪ್ರತಿ ಕಚೇರಿಗೂ ಒಂದು. ಹಿರಿಯ ಮಹಿಳಾ ಉದ್ಯೋಗಿ ಅಧ್ಯಕ್ಷರಾಗಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು, ಹೊರಗಿನವರೊಬ್ಬರು ಬೇಕು. ವಿಚಾರಣೆ 90 ದಿನದೊಳಗೆ ಮುಗಿಯಬೇಕು. ಪ್ರಧಾನ ಕಚೇರಿಯ ಸಹಾಯವಾಣಿ ಹೆಚ್ಚಿನ ಬಾಗಿಲಾಗಿ ಇರಲಿ, ಅಡ್ಡಿಯಿಲ್ಲ. ಸಮಿತಿಯ ಜಾಗದಲ್ಲಿ ಅದು ಕೂರುವಂತಿಲ್ಲ.

ರಜೆ: ಕರ್ನಾಟಕದಲ್ಲಿ 1963ರ ಕಾಯ್ದೆ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಇವು ಕಡ್ಡಾಯ. ಜತೆಗೆ ಇನ್ನೈದು ಹಬ್ಬದ ರಜೆಗಳು. ಇವಿಷ್ಟನ್ನು ಕೊಟ್ಟ ಮೇಲೆ ಉಳಿದದ್ದನ್ನು ಅವರು ಐಚ್ಛಿಕವೆನ್ನಲಿ, ಇನ್ನೇನಾದರೂ ಎನ್ನಲಿ.

ಫಲಕ: ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯಂತೆ ಫಲಕದ ಶೇ 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ. ಕ್ಯಾಬ್: ರಾತ್ರಿ ಪಾಳಿಯಲ್ಲಿ ಮಹಿಳೆಯರನ್ನು ದುಡಿಸಿಕೊಳ್ಳಲು ಅನುಮತಿ ಸಿಗುವುದೇ ವಾಹನ ಮತ್ತು ಭದ್ರತೆಯ ಷರತ್ತಿನ ಮೇಲೆ. 2005ರ ಡಿಸೆಂಬರ್‌ನಲ್ಲಿ ಕೆಲಸಕ್ಕೆ ಕರೆದೊಯ್ಯಲು ಬಂದವನೆಂದು ನಂಬಿಸಿದ ಚಾಲಕನ ಕೈಯಲ್ಲಿ ಕಾಲ್ ಸೆಂಟರ್ ಉದ್ಯೋಗಿಯೊಬ್ಬರು ಪ್ರಾಣ ಕಳೆದುಕೊಂಡದ್ದು ಇದೇ ಊರಿನಲ್ಲಿ. ಇದನ್ನು ‘ಓಡಾಟದ ಖರ್ಚು’ ಎಂಬ ತಲೆಬರಹದ ಕೆಳಗೆ ತುರುಕಿದವರಿಗೆ ಇಲ್ಲಿನ ಇತಿಹಾಸ ಗೊತ್ತಿಲ್ಲ.

ಒಂದು ಕಿವಿಮಾತು. ನೀವು ಬರೆಯುವ ಉತ್ತರದಲ್ಲಿ ‘ನಮ್ಮ ಸಂಸ್ಕೃತಿ’ ಎಂಬ ಮಾತು ಎಲ್ಲೂ ಬರಬಾರದು. ಸಂಸ್ಕೃತಿ ಎಂದರೆ ಅವರು ಬಂದು ಕಾರ್ಯಾಗಾರ ನಡೆಸಿ, ದೀಪ ಬೆಳಗಿಸಿ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಸೆಕ್ಷನ್ ಸಂಖ್ಯೆ ಬರೆದರೆ ಕಾಗದ ನೇರವಾಗಿ ಅವರ ವಕೀಲರ ಮೇಜಿಗೆ ಹೋಗುತ್ತದೆ.

ಬೋರ್ಡುಕೆಲಸ

ಮೇಡಂ ಅವರ ಮೂರನೆಯ ಅಂಶ ನನ್ನ ಹೊಟ್ಟೆಪಾಡು. ಫಲಕ ತಯಾರಿಸುವ ಘಟಕ ನಡೆಸುತ್ತೇನೆ. 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಪ್ರತಿಭಟನೆ ನಡೆದ ಮೇಲೆ, ಪಾಲಿಕೆ ಫೆಬ್ರುವರಿ ಕೊನೆಯ ಗಡುವು ಕೊಟ್ಟ ಮೇಲೆ, ನಮಗೆ ಊಟಕ್ಕೂ ಪುರುಸೊತ್ತಿರಲಿಲ್ಲ.

ಸ್ಥಳೀಯ ಅಂಗಡಿಯವರ ಕೆಲಸ ಸುಲಭ. ಬಂದು ನಿಂತು, ಅಳತೆ ನೋಡಿ, ಹೂಂ ಎನ್ನುತ್ತಾರೆ. ವಿದೇಶಿ ಬ್ರ್ಯಾಂಡಿನವರದು ಬೇರೆಯೇ ಲೋಕ. ಅವರ ಬ್ರ್ಯಾಂಡ್ ಕೈಪಿಡಿಯಲ್ಲಿ ಲಾಂಛನದ ಸುತ್ತ ಎಷ್ಟು ಜಾಗ ಖಾಲಿ ಬಿಡಬೇಕು, ಯಾವ ಬಣ್ಣಕ್ಕೆ ಯಾವ ಸಂಖ್ಯೆ, ಅಕ್ಷರ ಎಷ್ಟು ದಪ್ಪ, ಎಲ್ಲವೂ ಬರೆದಿರುತ್ತದೆ. ಕನ್ನಡದ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಹೀಗಾಗಿ ಅಲ್ಲಿನ ವಿನ್ಯಾಸಕಾರರು ಕಂಪ್ಯೂಟರಿನಲ್ಲಿ ಮೊದಲು ಸಿಕ್ಕಿದ ಕನ್ನಡ ಫಾಂಟನ್ನು ಎಳೆದು ಅದೇ ಎತ್ತರಕ್ಕೆ ಕೂರಿಸಿ ಕಳುಹಿಸುತ್ತಾರೆ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ ಎಂಬುದೇ ಅವರಿಗೆ ತಿಳಿಯದು. ‘ಸ್ಟ್ರೀಟ್’ ಎಂದು ಬರೆಯಬೇಕಾದ ಕಡೆ ಸ ಅಕ್ಷರದ ಕೆಳಗಿನ ಎರಡು ಒತ್ತುಗಳು ಪಟ್ಟಿಯ ಆಚೆ ಹೋಗುತ್ತವೆ. ಒಮ್ಮೆ ವಿದೇಶದಿಂದ ಒಪ್ಪಿಗೆಯಾಗಿ ಬಂದ ನಕ್ಷೆಯಲ್ಲಿ ಒತ್ತುಗಳನ್ನು ಅಡಿಗೆರೆಯ ಮಟ್ಟಕ್ಕೆ ಕತ್ತರಿಸಿಯೇ ಹಾಕಿದ್ದರು. ಹಾಗೆಯೇ ಮಾಡಿಕೊಡಿ ಎಂದು ಮೇಲೆ ಸಹಿ ಬೇರೆ. ಆಕ್ರಿಲಿಕ್ ಕತ್ತರಿಸುವ ನನ್ನ ಹುಡುಗ ಅದನ್ನು ನೋಡಿ, ಇದನ್ನು ಓದುವುದು ಹೇಗೆ ಎಂದು ಕೇಳಿದ.

ಕೆಲವು ಬ್ರ್ಯಾಂಡಿನವರು ಜಾಣರು. ತಮ್ಮ ಇಂಗ್ಲಿಷ್ ಅಕ್ಷರದ ದಪ್ಪ, ತಿರುವುಗಳಿಗೆ ಹೊಂದುವಂತೆ ಕನ್ನಡ ಅಕ್ಷರವನ್ನೇ ಹೊಸದಾಗಿ ಬರೆಸಿ, ಅದನ್ನು ಕೈಪಿಡಿಯ ಒಂದು ಪುಟವನ್ನಾಗಿ ಸೇರಿಸಿದರು. ಈಗ ಅವರ ಯಾವ ಅಂಗಡಿಗೆ ಫಲಕ ಮಾಡಿದರೂ ಒಂದೇ ಥರ ಕಾಣುತ್ತದೆ. ಬೇಡ ಎಂದು ಎಳೆದಾಡಿದವರ ಫಲಕಗಳು ಅಂಗಡಿಗೊಂದು ಅವತಾರದಲ್ಲಿವೆ. ಏಕರೂಪತೆ ಕೆಟ್ಟದ್ದು ಯಾರಿಂದ ಎಂದು ನೀವೇ ಹೇಳಿ.

ಒಗ್ಗರಣೆ

ಈ ಚರ್ಚೆ ಎಲ್ಲಿ ಶುರುವಾದರೂ ಯಾರಾದರೊಬ್ಬರು ಆಲೂ ಟಿಕ್ಕಿ ಬರ್ಗರ್ ತರುತ್ತಾರೆ. ಬೇರೆಯವರು ತರುವ ಮೊದಲು ನಾನೇ ತಂದು ಮುಗಿಸುತ್ತೇನೆ. ಮೆಕ್‌ಡೊನಾಲ್ಡ್ಸ್ 1996ರಲ್ಲಿ ದಿಲ್ಲಿಯಲ್ಲಿ ಮೊದಲ ಮಳಿಗೆ ತೆರೆದಾಗ ದನದ ಮಾಂಸವನ್ನೂ ಹಂದಿ ಮಾಂಸವನ್ನೂ ಕೈಬಿಟ್ಟಿತು, ಮೊಟ್ಟೆಯಿಲ್ಲದ ಮೇಯೊನೀಸ್ ಮಾಡಿಸಿತು. ಎಲ್ಲರೂ ಹೊಗಳುವುದು ಇಷ್ಟನ್ನೇ. ನನಗೆ ಹೆಚ್ಚು ಮುಖ್ಯವೆನಿಸುವುದು ಅಡುಗೆಮನೆಯನ್ನು ಸಸ್ಯಾಹಾರ, ಮಾಂಸಾಹಾರ ಎಂದು ಎರಡಾಗಿ ಸೀಳಿದ್ದು. ತಿನಿಸು ಬದಲಿಸುವುದು ಸುಲಭ. ಯಂತ್ರ, ಜಾಗ, ಕೆಲಸಗಾರರ ಓಡಾಟ ಎಲ್ಲವನ್ನೂ ಬೇರ್ಪಡಿಸುವುದೆಂದರೆ ಆ ಕಂಪನಿ ಹೆಮ್ಮೆಪಡುವ ವೇಗಕ್ಕೇ ಕೈ ಹಾಕಿದಂತೆ.

ಇಷ್ಟಾದರೂ ಪೆಟ್ಟು ಬಿದ್ದದ್ದು ಬೇರೆ ದಿಕ್ಕಿನಿಂದ. ಅಮೆರಿಕದಲ್ಲಿ ಅವರ ಫ್ರೆಂಚ್ ಫ್ರೈಸ್‌ಗೆ ದನದ ಮಾಂಸದ ಸಾರ ಸೇರುತ್ತಿತ್ತು ಎಂಬ ಸಂಗತಿ 2001ರಲ್ಲಿ ದೊಡ್ಡ ಸುದ್ದಿಯಾಯಿತು. ಭಾರತದ ಫ್ರೈಸ್‌ನಲ್ಲಿ ಅದಿಲ್ಲ ಎಂದು ಎಷ್ಟು ಹೇಳಿದರೂ ಮುಂಬೈ ಕಡೆ ಮಳಿಗೆಯ ಮೇಲೆ ದಾಳಿಯಾಯಿತು. ಅಮೆರಿಕದಲ್ಲಿ ಮರುವರ್ಷ ಒಂದು ಕೋಟಿ ಡಾಲರ್ ಕೊಟ್ಟು ಮೊಕದ್ದಮೆ ರಾಜಿ ಮಾಡಿಕೊಂಡರು. ಫಲಕದ ಮೇಲೆ ಹೆಸರು ಒಂದೇ ಇದ್ದ ಮೇಲೆ ಅಲ್ಲಿ ಮಾಡಿದ್ದು ಇಲ್ಲಿಗೆ ತಟ್ಟುತ್ತದೆ. ಪ್ರಧಾನ ಕಚೇರಿಯವರು ಎಲ್ಲ ಕಡೆ ಒಂದೇ ನಿಯಮ ಎಂದು ಹಟ ಹಿಡಿಯುವುದರಲ್ಲಿ ಅಷ್ಟು ಮಟ್ಟಿಗೆ ನ್ಯಾಯವಿದೆ.

ಹೊರವರ್ತುಲ

ಕಡತವಿಲೇವಾರಿ ಅವರೇ, ಕಾನೂನಿನ ಪಟ್ಟಿಯನ್ನು ಹಾಗೆಯೇ ಬಳಸಿಕೊಳ್ಳುತ್ತೇನೆ, ಧನ್ಯವಾದ. ಆದರೆ ನನ್ನ ಕಷ್ಟ ಅಲ್ಲಿಗೆ ಮುಗಿಯುವುದಿಲ್ಲ. ಈ ನಾಲ್ಕಕ್ಕೆ ಸೆಕ್ಷನ್ ಇದೆ. ಸೆಕ್ಷನ್ ಇಲ್ಲದ ಹತ್ತಾರು ವಿಷಯಗಳಿವೆ. ಉದಾಹರಣೆಗೆ, ಮೌಲ್ಯಮಾಪನದಲ್ಲಿ ‘ಸಭೆಯಲ್ಲಿ ಮೇಲಧಿಕಾರಿಯ ಮಾತನ್ನು ಪ್ರಶ್ನಿಸುತ್ತಾರೆಯೇ’ ಎಂಬ ಕಲಂ ಇದೆ. ನಮ್ಮಲ್ಲಿ ಒಳ್ಳೆಯ ಎಂಜಿನಿಯರುಗಳು ಸಭೆಯಲ್ಲಿ ಸುಮ್ಮನಿದ್ದು, ಮುಗಿದ ಮೇಲೆ ಬಾಗಿಲ ಬಳಿ ಬಂದು ‘ಸರ್, ಒಂದು ವಿಷಯ’ ಎನ್ನುತ್ತಾರೆ. ಅವರಿಗೆಲ್ಲ ಅಂಕ ಕಡಿಮೆ ಬಿದ್ದಿದೆ.

ರೈನ್‌ದಂಡೆ

ಡಸೆಲ್‌ಡಾರ್ಫ್‌ನಿಂದ ಬರೆಯುತ್ತಿದ್ದೇನೆ. ಊರು ಧಾರವಾಡ. ಇಲ್ಲಿ ನಡೆದ ಒಂದು ಹಳೆಯ ಪ್ರಕರಣ ಹೇಳುತ್ತೇನೆ, ಅದರಲ್ಲಿ ಮೇಡಂ ಅವರ ಪ್ರಶ್ನೆಗೆ ಅರ್ಧ ಉತ್ತರವಿದೆ.

ಅಮೆರಿಕದ ವಾಲ್‌ಮಾರ್ಟ್ 1997ರಲ್ಲಿ ಜರ್ಮನಿಗೆ ಬಂತು, ಎರಡು ಸ್ಥಳೀಯ ಮಳಿಗೆ ಸರಣಿಗಳನ್ನು ಕೊಂಡಿತು. ಮೊದಲ ಮುಖ್ಯಸ್ಥರು ಅಮೆರಿಕದಿಂದ ಬಂದವರು, ಆಡಳಿತದ ಭಾಷೆ ಇಂಗ್ಲಿಷ್. ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಂತು ಕಂಪನಿಗೆ ಜೈಕಾರ ಹಾಕಬೇಕಿತ್ತು. ಗಿರಾಕಿಗಳನ್ನು ನೋಡಿ ನಗಬೇಕು, ಅವರ ಸಾಮಾನನ್ನು ಚೀಲಕ್ಕೆ ತುಂಬಿಕೊಡಬೇಕು. ಇಲ್ಲಿನ ಜನ ತಮ್ಮ ಸಾಮಾನನ್ನು ತಾವೇ ತುಂಬಿಕೊಂಡು ಬೇಗ ಹೊರಬೀಳುವವರು. ಬೇರೆಯವರು ಮುಟ್ಟಿದರೆ ಹುಬ್ಬು ಗಂಟಿಕ್ಕುತ್ತಾರೆ. ತೀರಾ ಅಗ್ಗಕ್ಕೆ ಮಾರುವುದು ವಾಲ್‌ಮಾರ್ಟ್‌ನ ಮೂಲಮಂತ್ರ. 2000ದಲ್ಲಿ ವ್ಯಾಪಾರದ ಪೈಪೋಟಿ ನ್ಯಾಯವಾಗಿರುವಂತೆ ನೋಡಿಕೊಳ್ಳುವ ಇಲ್ಲಿನ ಕಾರ್ಟೆಲ್ ಕಚೇರಿ, ಹಾಲು, ಬೆಣ್ಣೆ, ಸಕ್ಕರೆಯಂಥ ವಸ್ತುಗಳನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರಕೂಡದು ಎಂದು ಅವರ ಜತೆಗೆ ಇಲ್ಲಿನ ಎರಡು ದೊಡ್ಡ ಸರಣಿಗಳಿಗೂ ಆದೇಶ ಕೊಟ್ಟಿತು. ನೌಕರರ ನಡುವಿನ ಪ್ರೇಮ ಸಂಬಂಧಗಳಿಗೆ ಕಡಿವಾಣ ಹಾಕುವ ನೀತಿಸಂಹಿತೆಯನ್ನು ಅಮೆರಿಕದಿಂದ ತಂದು ಹಂಚಿದಾಗ 2005ರಲ್ಲಿ ಇದೇ ಊರಿನ ಕಾರ್ಮಿಕ ನ್ಯಾಯಾಲಯ ಆ ಭಾಗವನ್ನು ಕಿತ್ತುಹಾಕಿತು. 2006ರಲ್ಲಿ 85 ಮಳಿಗೆಗಳನ್ನು ಇಲ್ಲಿನದೇ ಮೆಟ್ರೊ ಎಂಬ ಮಳಿಗೆ ಕಂಪನಿಗೆ ಮಾರಿ ಹೊರಟರು.

ವ್ಯಾಪಾರದ ಪಾಠ ಹೇಳುವವರು ಇದನ್ನು ‘ಸಂಸ್ಕೃತಿ ಅರ್ಥವಾಗಲಿಲ್ಲ’ ಎಂದು ಮುಗಿಸುತ್ತಾರೆ. ನನಗೆ ಆ ವಿವರಣೆ ಸಾಲದು. ನ್ಯಾಯಾಲಯಕ್ಕೆ ಹೋದವರು ಯಾರು? ಉದ್ಯೋಗಿಗಳ ಮಂಡಳಿ. ಇಲ್ಲಿ ಅದನ್ನು ಬೆಟ್ರಿಬ್ಸ್‌ರಾಟ್ ಎನ್ನುತ್ತಾರೆ. ನೌಕರರ ನಡತೆ, ಕೆಲಸದ ಮೇಲೆ ಕಣ್ಣಿಡುವ ತಂತ್ರಾಂಶ, ಇಂಥವನ್ನು ಅದರ ಒಪ್ಪಿಗೆಯಿಲ್ಲದೆ ಜಾರಿ ಮಾಡಲು ಆಗುವುದಿಲ್ಲ. ನಾನಿರುವ ಕಂಪನಿಯಲ್ಲೇ ನೋಡುತ್ತಿದ್ದೇನೆ: ಹೊಸ ಮೌಲ್ಯಮಾಪನ ತಂತ್ರಾಂಶ ತರುವ ಮುನ್ನ ಇಲ್ಲಿ ಮಂಡಳಿಯೊಂದಿಗೆ ತಿಂಗಳುಗಟ್ಟಲೆ ಮಾತುಕತೆ, ಸಾಲು ಸಾಲಿಗೆ ತಿದ್ದುಪಡಿ. ಬೆಂಗಳೂರಿನ ಕಚೇರಿಗೆ ಒಂದು ಇಮೇಲ್ ಹೋಗುತ್ತದೆ, ‘ಸೋಮವಾರದಿಂದ ಜಾರಿ’.

ಆದ್ದರಿಂದ ಮೇಡಂ, ಯಾವ ದೇಶ ಎಷ್ಟು ಭಿನ್ನ ಎಂದು ನೋಡಿ ಹೊಂದಾಣಿಕೆ ಮಾಡಿಕೊಡುತ್ತಾರೆ ಎಂದು ನಂಬಬೇಡಿ. ಯಾರಿಗೆ ಬೇಡ ಎನ್ನುವ ಅಧಿಕಾರವಿದೆಯೋ ಅವರಿಗೆ ಮಾಡಿಕೊಡುತ್ತಾರೆ. ನಿಮ್ಮಲ್ಲಿ ಆ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ಮೊದಲು ಹುಡುಕಿ. ಬಾಗಿಲ ಬಳಿ ಬಂದು ಮಾತನಾಡುವ ಎಂಜಿನಿಯರನ ಪ್ರಶ್ನೆ ಆಮೇಲೆ.

ಲೆಕ್ಕತಪಾಸಣೆ

ಎಲ್ಲರೂ ಸ್ಥಳೀಯರ ಪರ ನಿಂತಿದ್ದೀರಿ. ನಾನು ಪ್ರಧಾನ ಕಚೇರಿಯ ಕಡೆಗೆ ನಿಲ್ಲುತ್ತೇನೆ. ಬಹುರಾಷ್ಟ್ರೀಯ ಕಂಪನಿಗಳ ಲೆಕ್ಕ ಪರಿಶೋಧನೆಯಲ್ಲಿ ಕೂದಲು ನರೆಯಿತು. ‘ಇಲ್ಲಿ ಹೀಗೇ ನಡೆಯುವುದು ಸರ್’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಾನು ವೋಚರುಗಳನ್ನು ಎರಡನೇ ಸಲ ಎಣಿಸುತ್ತೇನೆ.

ಜರ್ಮನಿಯ ಸೀಮೆನ್ಸ್ ಕಂಪನಿ ನೆನಪಿರಬಹುದು. ಬೇರೆ ಬೇರೆ ದೇಶಗಳಲ್ಲಿ ಗುತ್ತಿಗೆ ಹಿಡಿಯಲು ಲಂಚ ಕೊಟ್ಟದ್ದಕ್ಕೆ 2008ರ ಡಿಸೆಂಬರ್‌ನಲ್ಲಿ ಅಮೆರಿಕ ಮತ್ತು ಜರ್ಮನಿಗಳಿಗೆ ಒಟ್ಟು ಸುಮಾರು 160 ಕೋಟಿ ಡಾಲರ್ ತೆತ್ತಿತು. ರೈನ್‌ದಂಡೆಯವರಿಗೆ ಗೊತ್ತಿರಬೇಕು, ವಿದೇಶದಲ್ಲಿ ಕೊಟ್ಟ ಲಂಚವನ್ನು ತೆರಿಗೆ ಲೆಕ್ಕದಲ್ಲಿ ವ್ಯಾಪಾರದ ಖರ್ಚೆಂದು ತೋರಿಸಲು ಜರ್ಮನ್ ಕಾನೂನೇ 1999ರವರೆಗೆ ಬಿಡುತ್ತಿತ್ತು. ‘ಆಯಾ ಊರಿನ ಪದ್ಧತಿ’ಗೆ ಅದಕ್ಕಿಂತ ಹೆಚ್ಚಿನ ಗೌರವ ಇನ್ನೆಲ್ಲಿ ಸಿಕ್ಕೀತು?

ಅದು ಹಣದ ಮಾತಾಯಿತು. ಭೋಪಾಲ್‌ನದು ಜೀವದ ಮಾತು. 1984ರ ಡಿಸೆಂಬರ್ 2ರ ರಾತ್ರಿ ಮೀಥೈಲ್ ಐಸೊಸಯನೇಟ್ ಸೋರಿದಾಗ ಅದನ್ನು ತಣ್ಣಗಿಡಬೇಕಿದ್ದ ಶೀತಲೀಕರಣ ಘಟಕ ತಿಂಗಳುಗಳಿಂದ ನಿಂತಿತ್ತು. ಸೋರಿದ ಅನಿಲವನ್ನು ಸುಡಬೇಕಿದ್ದ ಫ್ಲೇರ್ ಗೋಪುರ ಕೆಲಸದಲ್ಲಿರಲಿಲ್ಲ. ಇದೇ ವಿಷವನ್ನು ತಯಾರಿಸುವ ಘಟಕ ಯೂನಿಯನ್ ಕಾರ್ಬೈಡ್‌ಗೆ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲೂ ಇತ್ತು. ಭೋಪಾಲ್ ಘಟಕ ನಡೆಸುತ್ತಿದ್ದ ಭಾರತೀಯ ಕಂಪನಿಯಲ್ಲಿ ಅಮೆರಿಕದ ಮಾತೃಸಂಸ್ಥೆಗೆ ಶೇ 50.9ರ ಪಾಲಿತ್ತು. ಅನಾಹುತವಾದ ಮೇಲೆ ಮಾತೃಸಂಸ್ಥೆಯ ವಾದ ಏನಾಗಿತ್ತು? ಭಾರತದ ಕಂಪನಿ ಪ್ರತ್ಯೇಕ, ದಿನನಿತ್ಯದ ನಿರ್ವಹಣೆ ಅವರದೇ ಎಂದು. 1989ರಲ್ಲಿ 47 ಕೋಟಿ ಡಾಲರಿಗೆ ಇತ್ಯರ್ಥವಾಯಿತು.

ಸ್ಥಳೀಯ ಸ್ವಾತಂತ್ರ್ಯ ಎಂದು ನೀವು ಬಾಯಿತುಂಬ ಹೇಳುವ ವಸ್ತು ಅಂದು ನ್ಯಾಯಾಲಯದಲ್ಲಿ ಕೈತೊಳೆದುಕೊಳ್ಳುವ ನೀರಾಯಿತು. ಸುರಕ್ಷತೆ, ಲಂಚ, ಲೆಕ್ಕ: ಈ ಮೂರರಲ್ಲಿ ನನಗೆ ಪ್ರಧಾನ ಕಚೇರಿಯ ಕಬ್ಬಿಣದ ನಿಯಮವೇ ಬೇಕು, ಎಲ್ಲ ದೇಶಕ್ಕೂ ಒಂದೇ.

ರೈನ್‌ದಂಡೆ

ಲೆಕ್ಕತಪಾಸಣೆ ಅವರೇ, ಭೋಪಾಲ್ ವಿಷಯದಲ್ಲಿ ನಿಮ್ಮ ಮಾತಿಗೆ ಎದುರಿಲ್ಲ. ಆದರೆ ಅದೇ ಉದಾಹರಣೆಯನ್ನು ಇನ್ನೊಂದು ಕಡೆಯಿಂದ ನೋಡಿ. ಶೀತಲೀಕರಣ ಘಟಕ ನಿಂತದ್ದನ್ನು ಕಣ್ಣಾರೆ ಕಂಡ ಕಾರ್ಮಿಕನಿಗೆ ‘ಇದನ್ನು ಸರಿಪಡಿಸುವವರೆಗೆ ಘಟಕ ನಡೆಸುವುದಿಲ್ಲ’ ಎನ್ನುವ ಹಕ್ಕಿತ್ತೇ? ನಿಯಮ ಎಷ್ಟೇ ಕಬ್ಬಿಣದ್ದಾಗಲಿ, ನಿಲ್ಲಿಸುವ ಕೈ ಸ್ಥಳದಲ್ಲಿ ಇಲ್ಲದಿದ್ದರೆ ಅದು ಕಾಗದದ ಮೇಲೆಯೇ ಉಳಿಯುತ್ತದೆ.

ಬಿಡದಿಹಾದಿ

ನಿಲ್ಲಿಸುವ ಕೈ ಎಂದಿರಲ್ಲ, ಅದಕ್ಕೇ ಬರೆಯಲು ಕುಳಿತೆ. ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ 1999ರ ಕೊನೆಗೆ ಕ್ವಾಲಿಸ್ ಕಾರು ಮಾಡಲು ಶುರುಮಾಡಿದ ಮೇಲೆ ಸುತ್ತಮುತ್ತ ಬಿಡಿಭಾಗ ಒದಗಿಸುವ ಕಾರ್ಖಾನೆಗಳು ಎದ್ದವು. ಅಂಥದ್ದೊಂದರಲ್ಲಿ ನಾನು ಲೈನ್ ಮೇಲ್ವಿಚಾರಕನಾಗಿದ್ದೆ. ಪದ್ಧತಿ ಎಲ್ಲ ಅವರದ್ದೇ.

ಅಷ್ಟು ಬಿಗಿಯಾದ ಪದ್ಧತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಯಾವ ಬೋಲ್ಟನ್ನು ಮೊದಲು ಬಿಗಿಯಬೇಕು, ಯಾವ ಕೈಯಲ್ಲಿ ಉಪಕರಣ ಹಿಡಿಯಬೇಕು, ಎಷ್ಟು ಹೆಜ್ಜೆ ನಡೆಯಬೇಕು, ಎಷ್ಟು ಸೆಕೆಂಡ್, ಎಲ್ಲ ಒಂದು ಹಾಳೆಯಲ್ಲಿ ಬರೆದು ಲೈನಿನ ಪಕ್ಕ ತೂಗುಹಾಕಿರುತ್ತಾರೆ. ಜಪಾನಿನಿಂದ ಬಂದವರು ಗಂಟೆಗಟ್ಟಲೆ ನಿಂತು, ಮಾತಾಡದೆ ನೋಡುತ್ತಿದ್ದರು. ಶುರುವಿನಲ್ಲಿ ನಮ್ಮ ಹುಡುಗರಿಗೆ ಜೈಲಿನಂತೆ ಅನ್ನಿಸಿತು.

ಆದರೆ ತಲೆಯ ಮೇಲೆ ಒಂದು ಹಗ್ಗ ಇರುತ್ತಿತ್ತು. ಆಂಡಾನ್ ಎನ್ನುತ್ತೇವೆ. ಏನಾದರೂ ತಪ್ಪು ಕಂಡರೆ, ಬೋಲ್ಟ್ ಅಡ್ಡ ಹತ್ತಿದರೆ, ಭಾಗ ಕೂರದಿದ್ದರೆ, ಕೆಲಸಗಾರ ಹಗ್ಗ ಎಳೆಯುತ್ತಾನೆ. ಸಂಗೀತ ಮೊಳಗುತ್ತದೆ, ಫಲಕದಲ್ಲಿ ಆ ಠಾಣೆಯ ಸಂಖ್ಯೆಗೆ ಹಳದಿ ದೀಪ ಹತ್ತುತ್ತದೆ. ತಂಡದ ನಾಯಕ ಓಡಿ ಬರುತ್ತಾನೆ. ಗಾಡಿ ಗೊತ್ತುಮಾಡಿದ ಗೆರೆ ಮುಟ್ಟುವುದರೊಳಗೆ ಸರಿಯಾದರೆ ಸರಿ, ಇಲ್ಲದಿದ್ದರೆ ದೀಪ ಕೆಂಪಾಗಿ ಇಡೀ ಲೈನ್ ನಿಲ್ಲುತ್ತದೆ. ಐಟಿಐ ಮುಗಿಸಿ ಹೊಸದಾಗಿ ಸೇರಿದ ಮಾಗಡಿಯ ಹುಡುಗ ಎಳೆದರೂ ನಿಲ್ಲುತ್ತದೆ, ‘ಯಾಕೆ ಎಳೆದೆ’ ಎಂದು ಬೈಯುವಂತಿಲ್ಲ. ಹಾಳೆಯೂ ಹಾಗೆಯೇ. ಬೋಲ್ಟಿನ ಡಬ್ಬಿ ಬಲಗಡೆ ಇದ್ದು ಪ್ರತಿ ಸಲ ತಿರುಗಬೇಕಾಗುತ್ತದೆ ಎಂದು ಒಬ್ಬ ಹೇಳಿದ. ಡಬ್ಬಿಯನ್ನು ಎಡಕ್ಕೆ ಸರಿಸಿ ನೋಡಿದೆವು, ಒಳ್ಳೆಯದಾಯಿತು, ಹಾಳೆಯನ್ನು ಕನ್ನಡದಲ್ಲೇ ತಿದ್ದಿ ಬರೆದು ತಾರೀಖು ಹಾಕಿದೆವು. ಮರುದಿನದಿಂದ ಎಲ್ಲ ಪಾಳಿಗೂ ಅದೇ ನಿಯಮ. ಯಾವ ದೇಶದ ಅಪ್ಪಣೆಯೂ ಬೇಕಾಗಲಿಲ್ಲ.

ಒಗ್ಗರಣೆ

ಕೇಳಲು ಚೆನ್ನಾಗಿದೆ. ಹಾಗಿದ್ದರೆ 2014ರಲ್ಲಿ ಬಿಡದಿಯಲ್ಲಿ ಬೀಗಮುದ್ರೆ ಯಾಕಾಯಿತು? 2020ರ ನವೆಂಬರ್‌ನಲ್ಲಿ ಮತ್ತೆ ಯಾಕೆ?

ಬಿಡದಿಹಾದಿ

ಕೇಳುತ್ತೀರಿ ಎಂದು ಗೊತ್ತಿತ್ತು. 2014ರದ್ದು ಸಂಬಳದ ಮಾತುಕತೆ ಮುರಿದದ್ದರಿಂದ. 2020ರಲ್ಲಿ ಒಕ್ಕೂಟದ ಪದಾಧಿಕಾರಿಯೊಬ್ಬರನ್ನು ಅಮಾನತು ಮಾಡಿದ ಮೇಲೆ ಕಾರ್ಮಿಕರು ಒಳಗೇ ಧರಣಿ ಕುಳಿತರು, ಕಂಪನಿ ಬೀಗಮುದ್ರೆ ಘೋಷಿಸಿತು. ಕೆಲಸದ ಒತ್ತಡ ಮಿತಿಮೀರಿದೆ ಎಂದು ಒಕ್ಕೂಟ ಹೇಳಿತು, ಕಂಪನಿ ಒಪ್ಪಲಿಲ್ಲ. ಎರಡೂ ಸಲ ಸನ್ನಡತೆಯ ಮುಚ್ಚಳಿಕೆಗೆ ಸಹಿ ಹಾಕಿ ಒಳಗೆ ಬನ್ನಿ ಎಂದದ್ದೇ ದೊಡ್ಡ ಜಗಳವಾಯಿತು.

ಒಳಗಿದ್ದವನಲ್ಲವಾದ್ದರಿಂದ ಯಾರದು ಸರಿ ಎಂದು ತೀರ್ಪು ಕೊಡಲಾರೆ. ಕಂಡದ್ದು ಇಷ್ಟು: ಬೋಲ್ಟಿನ ವಿಷಯಕ್ಕೆ ಹಗ್ಗ ಇದೆ. ಲೈನಿನ ವೇಗ ಎಷ್ಟಿರಬೇಕು, ಸಂಬಳ ಎಷ್ಟಿರಬೇಕು ಎಂಬ ವಿಷಯಕ್ಕೆ ಹಗ್ಗ ಇಲ್ಲ. ಗಲಾಟೆಯಾದದ್ದು ಹಗ್ಗ ಇಲ್ಲದ ಕಡೆ.

ವೈಟ್‌ಫೀಲ್ಡ್‌ಹಳಬ

ಇನ್ನೊಂದು ಬೆಂಗಳೂರಿನ ಉದಾಹರಣೆ, ಗೆದ್ದದ್ದು. ವೈಟ್‌ಫೀಲ್ಡ್‌ನಲ್ಲಿ ಅಮೆರಿಕದ ಜಿಇ ಕಂಪನಿಯ ಸಂಶೋಧನಾ ಕೇಂದ್ರ 2000ದಲ್ಲಿ ಶುರುವಾಯಿತು. ಅವರ ಇಸಿಜಿ ಯಂತ್ರಗಳು ದೊಡ್ಡ ಆಸ್ಪತ್ರೆಗಳಿಗೆ ಹೇಳಿ ಮಾಡಿಸಿದವು. ಭಾರ, ದುಬಾರಿ, ವಿದ್ಯುತ್ ಇರಲೇಬೇಕು. ತಾಲ್ಲೂಕಿನ ವೈದ್ಯರಿಗೆ ಅವು ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಇಲ್ಲಿನ ತಂಡ ಮ್ಯಾಕ್ 400 ಎಂಬ ಯಂತ್ರ ಮಾಡಿತು. ಬೆನ್ನಚೀಲದಲ್ಲಿ ಹೊತ್ತೊಯ್ಯಬಹುದು, ಬ್ಯಾಟರಿಯಲ್ಲೂ ಓಡುತ್ತದೆ, ಗುಂಡಿಗಳು ನಾಲ್ಕೇ. ಮುದ್ರಕಕ್ಕೆ ಅವರು ಕಣ್ಣು ಹಾಕಿದ್ದು ಟಿಕೆಟ್ ಕೊಡುವ ಕೈಯಂತ್ರದ ಪುಟ್ಟ ಪ್ರಿಂಟರಿನ ಮೇಲೆ. ಧೂಳು, ಬಿಸಿಲು, ಕುಲುಕಾಟ ಎಲ್ಲ ತಡೆದುಕೊಂಡು ದಿನವಿಡೀ ಓಡುವ ಸಾಧನ ಅದು. ಎರಡು ಸಾವಿರ ಡಾಲರಿನ ಯಂತ್ರದ ಎದುರು ಇದರ ಬೆಲೆ 800 ಡಾಲರ್. ಹೃದಯದ ಅಲೆಗಳನ್ನು ಓದಿ ಅರ್ಥೈಸುವ ತಂತ್ರಾಂಶವನ್ನು ಮಾತ್ರ ಮುಟ್ಟಲಿಲ್ಲ, ದುಬಾರಿ ಯಂತ್ರಗಳಲ್ಲಿ ಇದ್ದದ್ದೇ ಇಲ್ಲೂ. ಆಮೇಲೆ ಈ ಯಂತ್ರ ಭಾರತದ ಆಚೆಗೂ ಮಾರಾಟವಾಯಿತು.

ರೈನ್‌ದಂಡೆಯವರ ಮಾತಿಗೆ ಇದು ಪುಷ್ಟಿ ಕೊಡುತ್ತದೆ. ಜಾಣ ಎಂಜಿನಿಯರುಗಳು ಬೆಂಗಳೂರಿನಲ್ಲಿ ಮೊದಲೂ ಇದ್ದರು. ಆದರೆ ಬಹುತೇಕ ಕಂಪನಿಗಳಲ್ಲಿ ‘ಈ ವಸ್ತು ನಮಗೆ ಬೇಕು’ ಎನ್ನುವ ಅಧಿಕಾರ ಸಾಗರದಾಚೆ, ಮಾಡಿಕೊಡುವ ಕೆಲಸ ಮಾತ್ರ ಇಲ್ಲಿ. ಲಾಭ–ನಷ್ಟದ ಹೊಣೆ ಸ್ಥಳೀಯ ತಂಡದ ಕೈಗೆ ಬಂದಾಗ ಇಂಥವು ಹುಟ್ಟುತ್ತವೆ.

ಕಪಿಲಾತೀರ

ನಂಜನಗೂಡಿನವನು. ನಮ್ಮೂರಿನ ಕೈಗಾರಿಕಾ ಪ್ರದೇಶದಲ್ಲಿ ನೆಸ್ಲೆ ಕಾರ್ಖಾನೆ ಇದೆ, ಹಾಗಾಗಿ 2015ರ ಮ್ಯಾಗಿ ಪ್ರಕರಣ ನಮಗೆ ಪತ್ರಿಕೆಯಲ್ಲಿ ಓದಿ ಮಡಚಿಡುವ ಸುದ್ದಿಯಾಗಿರಲಿಲ್ಲ.

ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ ತೆಗೆದ ಮಾದರಿಯಿಂದ ಶುರುವಾಯಿತು. ಪೊಟ್ಟಣದ ಮೇಲೆ ಎಂಎಸ್‌ಜಿ ಎಂಬ ರುಚಿವರ್ಧಕ ಸೇರಿಸಿಲ್ಲ ಎಂದು ಬರೆದಿತ್ತು, ಪರೀಕ್ಷೆಯಲ್ಲಿ ಅದು ಕಂಡಿತು. ಸೀಸದ ಪ್ರಮಾಣ 17.2 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 17.2 ಭಾಗ) ಎಂದು ಪ್ರಯೋಗಾಲಯ ಹೇಳಿತು, ಮಿತಿ 2.5. ಕಂಪನಿ ತಿಂಗಳುಗಟ್ಟಲೆ ಹೇಳಿದ್ದು ಒಂದೇ ಮಾತು: ನಮ್ಮ ಪರೀಕ್ಷೆಗಳ ಪ್ರಕಾರ ಮ್ಯಾಗಿ ಸುರಕ್ಷಿತ. ಜೂನ್ 5ರಂದು ಸ್ವಿಟ್ಜರ್ಲೆಂಡಿನಿಂದ ಸಿಇಒ ಪಾಲ್ ಬುಲ್ಕೆ ಅವರೇ ದಿಲ್ಲಿಗೆ ಬಂದು ಪತ್ರಿಕಾಗೋಷ್ಠಿ ನಡೆಸಿದರು. ಅದೇ ದಿನ ಆಹಾರ ಸುರಕ್ಷತಾ ಪ್ರಾಧಿಕಾರ ಮಾರಾಟ ನಿಲ್ಲಿಸಲು ಆದೇಶಿಸಿತು. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ನಿಷೇಧವನ್ನು ರದ್ದುಮಾಡಿ ಮರುಪರೀಕ್ಷೆಗೆ ಹೇಳಿತು. ಮರುಪರೀಕ್ಷೆಯಲ್ಲಿ ಪಾಸಾಗಿ, ನಂಜನಗೂಡು ಸೇರಿದಂತೆ ಮೂರು ಕಾರ್ಖಾನೆಗಳಲ್ಲಿ ತಯಾರಿಕೆ ಮತ್ತೆ ಶುರುವಾಗಿ, ನವೆಂಬರ್‌ನಲ್ಲಿ ಅಂಗಡಿಗೆ ಮರಳಿತು.

ವಿಜ್ಞಾನದ ಮಟ್ಟಿಗೆ ಕಂಪನಿಯ ಮಾತು ಕೊನೆಗೆ ನಿಂತಿತು, ಒಪ್ಪೋಣ. ಆದರೆ ತಾಯಂದಿರು ಕೇಳುತ್ತಿದ್ದದ್ದು ‘ಮಗುವಿಗೆ ಕೊಡಬಹುದೇ’ ಎಂದು. ಅದಕ್ಕೆ ಅವರ ಭಾಷೆಯಲ್ಲಿ, ಅವರಿಗೆ ಗುರುತಿರುವ ಮುಖದಿಂದ ಉತ್ತರ ಬರಬೇಕಿತ್ತು. ಅದೇ ಆಗಸ್ಟ್‌ನಲ್ಲಿ ಭಾರತದ ಘಟಕಕ್ಕೆ ಸುರೇಶ್ ನಾರಾಯಣನ್ ಮುಖ್ಯಸ್ಥರಾಗಿ ಬಂದರು, ಎಷ್ಟೋ ವರ್ಷಗಳ ನಂತರ ಭಾರತೀಯರೊಬ್ಬರು. ಪೊಟ್ಟಣದ ಮೇಲಿನ ಆ ಸಾಲೂ ಹೋಯಿತು. ಬದಲಾಗದಿದ್ದದ್ದು ಮ್ಯಾಗಿಯ ರುಚಿ.

ಹೊರವರ್ತುಲ

ಎಲ್ಲರಿಗೂ ಕೃತಜ್ಞತೆ. ಇಂದು ಕರಡಿಗೆ ಉತ್ತರ ಬರೆಯಲು ಕುಳಿತಿದ್ದೇನೆ. ಕಾನೂನಿನ ನಾಲ್ಕು ಅಂಶಗಳನ್ನು ಪ್ರತ್ಯೇಕ ಪತ್ರವಾಗಿ ಅವರ ಕಾನೂನು ವಿಭಾಗಕ್ಕೇ ಕಳುಹಿಸುತ್ತಿದ್ದೇನೆ, ಅದರಲ್ಲಿ ‘ವಿನಂತಿ’ ಎಂಬ ಮಾತಿಲ್ಲ. ಫಲಕಕ್ಕೆ ಕನ್ನಡ ಅಕ್ಷರ ಬರೆಸಿ ಬ್ರ್ಯಾಂಡ್ ಕೈಪಿಡಿಗೆ ಒಂದು ಪುಟ ಸೇರಿಸಿ ಎಂದು ಕೇಳುತ್ತೇನೆ. ಬೋರ್ಡುಕೆಲಸ ಅವರೇ, ನಿಮಗೆ ಪ್ರತ್ಯೇಕವಾಗಿ ಸಂದೇಶ ಕಳುಹಿಸಿದ್ದೇನೆ, ನೋಡಿ. ಪ್ರವಾಸ ಭತ್ಯೆಯ ನಮೂನೆ, ಉಡುಗೊರೆಗಳ ಮಿತಿ, ಮಾರಾಟಗಾರರ ನೋಂದಣಿ, ಇವನ್ನೆಲ್ಲ ಅವರು ಹೇಳಿದಂತೆ ಒಪ್ಪಿಕೊಂಡೆ. ಇಲ್ಲಿ ಕೆಲವರು ಗೊಣಗುತ್ತಾರೆ, ಗೊಣಗಲಿ.

ಮೌಲ್ಯಮಾಪನದ ಕಲಮಿಗೆ ಬೇರೆ ವಾಕ್ಯ ಸೂಚಿಸುವ ಯೋಚನೆ ಇತ್ತು, ಕೈಬಿಟ್ಟೆ. ಬದಲಿಗೆ ಕೈಪಿಡಿಯ ಕೊನೆಗೆ ದೇಶವಾರು ಅನುಬಂಧ ಕೇಳುತ್ತಿದ್ದೇನೆ. ಅನುಬಂಧಕ್ಕೆ ಭಾರತದ ಮುಖ್ಯಸ್ಥರು ಸಹಿ ಹಾಕಿದರೆ ಸಾಕು ಎಂದು ಬರೆದಿದ್ದೇನೆ.

ಕಡತವಿಲೇವಾರಿ

ಸಹಿ ಸಾಕು ಎಂದು ಮಾತ್ರ ಬರೆದರೆ ಅವರು ಅದನ್ನು ‘ಪರಿಶೀಲನೆಯಲ್ಲಿದೆ’ ಎಂದು ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ. ‘ಅನುಬಂಧ ತಲುಪಿದ ಮೂವತ್ತು ದಿನದೊಳಗೆ ಪ್ರಧಾನ ಕಚೇರಿಯಿಂದ ಕಾರಣಸಹಿತ ಲಿಖಿತ ಆಕ್ಷೇಪ ಬಾರದಿದ್ದರೆ ಜಾರಿಯಾದಂತೆ’ ಎಂದು ಸೇರಿಸಿ. ಕೈಪಿಡಿ ಮತ್ತು ಅನುಬಂಧದ ನಡುವೆ ವ್ಯತ್ಯಾಸ ಬಂದರೆ ಯಾವುದು ಮೇಲು ಎಂಬುದನ್ನೂ ಬರೆಯಿರಿ, ಇಲ್ಲದಿದ್ದರೆ ಅನುಬಂಧ ಇದ್ದೂ ಇಲ್ಲದಂತೆ.

ರೈನ್‌ದಂಡೆ

ಆಕ್ಷೇಪಿಸುವವರು ಯಾರು ಎಂಬುದೂ ಇರಲಿ. ಇಲಾಖೆಯ ಹೆಸರು ಬೇಡ, ಹುದ್ದೆ ಬೇಕು. ಇಲಾಖೆಯ ಬಾಗಿಲು ತಟ್ಟಿ ತಟ್ಟಿ ಕೈ ನೋಯಿಸಿಕೊಂಡವರನ್ನು ಇಲ್ಲಿ ಬೇಕಾದಷ್ಟು ನೋಡಿದ್ದೇನೆ.

ಲೆಕ್ಕತಪಾಸಣೆ

ಮೂವತ್ತು ದಿನದ ಆ ಸಾಲಿಗೆ ನನ್ನದೊಂದು ತಿದ್ದುಪಡಿ. ಸುರಕ್ಷತೆ, ಲಂಚ ತಡೆ, ಲೆಕ್ಕಪತ್ರಗಳಿಗೆ ಅದು ಅನ್ವಯಿಸಕೂಡದು. ಆ ಮೂರರಲ್ಲಿ ಅನುಬಂಧ ನಿಯಮವನ್ನು ಬಿಗಿ ಮಾಡಬಹುದು, ಸಡಿಲಿಸುವಂತಿಲ್ಲ ಎಂದು ಬರೆಯಿರಿ. ಹಾಗೆ ಬರೆದರೆ ನಿಮ್ಮ ರಾತ್ರಿ ಪಾಳಿಯ ಕ್ಯಾಬ್ ಸುರಕ್ಷತೆಯ ತಲೆಬರಹದ ಕೆಳಗೆ ಬರುತ್ತದೆ, ಯಾವ ಖರ್ಚು ಕಡಿತದ ಸುತ್ತೋಲೆಯೂ ಅದನ್ನು ಮುಟ್ಟಲಾಗದು.